ಎದೆಮಟ್ಟದ ನೀರು

ನಮ್ಮತ್ತೆ ಗಂಗರತ್ನಮ್ಮ ಹಾವಿಗೆ ಹೆದರುವವರಲ್ಲ. ಹಿಪ್ಪುನೇರಳೆ ತೋಟದಲ್ಲಿ ಕೊಳಕುಮಂಡಲ ಕಂಡರೆ ಕುಡುಗೋಲಿನ ಹಿಡಿಯಿಂದ ನೆಲ ಕುಟ್ಟಿ, "ನಿನ್ ದಾರಿ ನೀನ್ ನೋಡ್ಕೊ, ಹೋಗು" ಎಂದು ಮಾತಾಡಿ ಕಳಿಸುತ್ತಾರೆ. ಒದೆಯುವ ಸೀಮೆಹಸುವಿನ ಹೊಟ್ಟೆಗೆ ತಲೆಯಾನಿಸಿ ಕೂತು ಹಾಲು ಕರೆಯುತ್ತಾರೆ. ನಮ್ಮ ಮಾವ ಕದಿರಪ್ಪನವರ ಕೋಪಕ್ಕಂತೂ ಅವರು ಯಾವತ್ತೂ ಕವಡೆ ಕಿಮ್ಮತ್ತು ಕೊಟ್ಟವರಲ್ಲ. ಅಂಥ ಹೆಂಗಸು ನೀರಿಗೆ ಹೆದರುತ್ತಿದ್ದರು. ಕುಡಿಯುವ ನೀರಿಗಲ್ಲ, ನಿಂತ ನೀರಿಗೆ. ಮನೆಮುಂದಿನ ಸಂಪಿನ ಮುಚ್ಚಳ ತೆಗೆದಿದ್ದರೆ ಆ ಕಡೆ ಕಾಲು ಹಾಕುತ್ತಿರಲಿಲ್ಲ. ಬಸ್ಸು ಕೆರೆ ಏರಿ ಹತ್ತಿದರೆ ಸೆರಗನ್ನು ಮುಖಕ್ಕೆ ಅಡ್ಡ ಹಿಡಿದು ಕೂರುತ್ತಿದ್ದರು.

ನಾನು ಶ್ವೇತ, ಅವರ ಸೊಸೆ. ನನ್ನ ತವರು ಮಾಲೂರು ತಾಲ್ಲೂಕಿನ ಶಿವಾರಪಟ್ಟಣ. ಉಳಿ ಸುತ್ತಿಗೆಯ ಸದ್ದಿನಲ್ಲಿ, ಕಲ್ಲಿನ ಪುಡಿಯಲ್ಲಿ ಆಡಿ ಬೆಳೆದವಳು. ಮದುವೆಯಾಗಿ ಬಂದದ್ದು ಕ್ಯಾಲನೂರಿನ ಪಕ್ಕದ ಈ ತೋಟದ ಮನೆಗೆ. ಅತ್ತೆಯ ತವರು ಗೌನಿಪಲ್ಲಿ, ಅದು ಆಂಧ್ರದ ಗಡಿ, ಮಾವಿನ ತೋಪುಗಳ ಸೀಮೆ. ಅವರು ಹುಟ್ಟಿ ಬೆಳೆದದ್ದು ತೆಲುಗಿನಲ್ಲಿ. ಇಷ್ಟು ವರ್ಷ ನಮ್ಮೂರಲ್ಲಿ ಇದ್ದು ಬೈಗುಳ, ಲೆಕ್ಕ, ದೇವರ ಹಾಡು ಎಲ್ಲ ಕನ್ನಡಕ್ಕೆ ಬಂದಿದ್ದವು. ಒಂದು ಭಯ ಮಾತ್ರ ಬಂದಿರಲಿಲ್ಲ. ಹೆದರಿದರೆ ಅತ್ತೆಯ ಬಾಯಲ್ಲಿ ತೆಲುಗು ಬಿಟ್ಟು ಇನ್ನೊಂದು ಅಕ್ಷರ ಹೊರಡುತ್ತಿರಲಿಲ್ಲ. ಇದನ್ನು ಹಿಡಿದುಕೊಂಡು ನಾನು ಅವರನ್ನು ಸಾಕಷ್ಟು ಗೋಳು ಹುಯ್ದುಕೊಂಡಿದ್ದೇನೆ.

ನೀರಿನ ಭಯ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ. ನಮ್ಮ ಕಡೆಯವರಿಗೆ ನೀರಿಗೆ ಹೆದರುವಷ್ಟು ನೀರಾದರೂ ಎಲ್ಲಿತ್ತು? ನೀರೆಂದರೆ ಕೊಳವೆಬಾವಿಯ ಪೈಪಿನಿಂದ ಕೆಮ್ಮುತ್ತಾ ಬರುವ ವಸ್ತು. ಆಗೆಲ್ಲ ಕೆರೆಗಳಲ್ಲಿ ಜಾಲಿ ಬೆಳೆದಿತ್ತು, ಹುಡುಗರು ಅಲ್ಲಿ ಕ್ರಿಕೆಟ್ ಆಡುತ್ತಿದ್ದರು. ಹಾಗಾಗಿ ಒಂದು ಇಡೀ ತಲೆಮಾರಿಗೆ ಈಜು ಬಾರದು. ಆಮೇಲೆ ಬಂದವು ಕೃಷಿ ಹೊಂಡಗಳು. ಹೊಲದ ಮೂಲೆಯಲ್ಲಿ ಆಳವಾಗಿ ಗುಂಡಿ ತೋಡಿ, ನೀರು ಇಂಗದ ಹಾಗೆ ತಳಕ್ಕೂ ನಾಲ್ಕು ಇಳಿಜಾರಿಗೂ ಕಪ್ಪು ಪ್ಲಾಸ್ಟಿಕ್ ಹಾಳೆ ಹಾಸಿ, ಕೊಳವೆಬಾವಿಯ ನೀರನ್ನು ಅದಕ್ಕೆ ತುಂಬಿಸಿಕೊಳ್ಳುವುದು. ನೋಡಲು ಚೆಂದ. ಆದರೆ ಆ ಹಾಳೆಯ ಮೇಲೆ ಪಾಚಿ ಕಟ್ಟಿದ ಮೇಲೆ ಕಾಲಿಟ್ಟರೆ ನಿಲ್ಲುವ ಮಾತಿಲ್ಲ. ಹಿಡಿದುಕೊಳ್ಳಲು ಒಂದು ಕಡ್ಡಿಯೂ ಇರುವುದಿಲ್ಲ.

ಪಕ್ಕದ ಹೊಲದ ಮುನಿಯಲ್ಲಮ್ಮ ಹೋದದ್ದು ಹಾಗೆ. ಆಕೆ ಅತ್ತೆಯ ಜೀವದ ಗೆಳತಿ. ಇಬ್ಬರೂ ಒಂದೇ ಎಲೆಯಡಿಕೆ ಚೀಲದಿಂದ ಹಾಕಿಕೊಳ್ಳುವವರು. ಟೊಮೇಟೊಗೆ ಔಷಧಿ ಹೊಡೆಯಲು ನೀರು ಬೇಕೆಂದು ಆಕೆ ತಮ್ಮ ಹೊಂಡದಲ್ಲಿ ಕ್ಯಾನು ಅದ್ದಲು ಬಗ್ಗಿದ್ದರು. ಅತ್ತೆ ಈಚೆ ಬದುವಿನಲ್ಲಿ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದರು. ಕೂಗು ಕೇಳಿತು. ಆಗಲೇ ಅತ್ತೆಯ ಮಂಡಿಗಳು ಕೈಕೊಟ್ಟಿದ್ದವು. ಓಡಬೇಕೆಂದು ಎದ್ದವರು ಬದುವಿನ ಮೇಲೆ ಮುಗ್ಗರಿಸಿ ಬಿದ್ದರು, ಎದ್ದರು, ಮತ್ತೆ ಬಿದ್ದರು. ಹೊಂಡದ ದಂಡೆಗೆ ತೆವಳಿಕೊಂಡು ಹೋಗಿ ನೋಡುವಷ್ಟರಲ್ಲಿ ನೀರಿನ ಮೇಲೆ ಹಳದಿ ಕ್ಯಾನು ಮಾತ್ರ ತೇಲುತ್ತಿತ್ತು.

ಅದಾದ ಮೇಲೆ ಅತ್ತೆ ಆ ಹೊಲದ ಕಡೆ ಮುಖ ಹಾಕಲಿಲ್ಲ. ಮಂಡಿಗಳೂ ದಿನದಿನಕ್ಕೆ ಹದಗೆಟ್ಟವು. ಕೂತರೆ ಏಳಲಾರರು, ಎದ್ದರೆ ಕೂರಲಾರರು. ಹಾಲು ಕರೆಯುವುದು ನನ್ನ ಪಾಲಿಗೆ ಬಂತು. ಕೋಲಾರದ ಎಲುಬಿನ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, "ಸಕ್ಕರೆ ಕಾಯಿಲೆ ಇಷ್ಟಿರುವಾಗ ಆಪರೇಷನ್ ಮಾಡೋಕೆ ನಂಗೇ ಧೈರ್ಯ ಇಲ್ಲಮ್ಮ" ಎಂದರು. ತೊಡೆಯ ಸ್ನಾಯುಗಳು ಸೊರಗಿವೆ, ಅವು ಗಟ್ಟಿಯಾದರೆ ಮಂಡಿಯ ಭಾರವನ್ನು ಅವೇ ಹೊರುತ್ತವೆ, ಆದರೆ ನೆಲದ ಮೇಲೆ ವ್ಯಾಯಾಮ ಮಾಡಿಸಿದರೆ ಈ ಮಂಡಿ ತಡೆಯುವುದಿಲ್ಲ ಎಂದು ವಿವರಿಸಿದರು.

"ಮತ್ತೆ ಹೆಂಗೆ ಸಾರ್?" ಎಂದೆ.

"ಸ್ವಿಮ್ಮಿಂಗ್ ಪೂಲಲ್ಲಿ. ಎದೆಮಟ್ಟದ ನೀರಲ್ಲಿ ನಡೆಯೋದು, ಕಾಲಾಡಿಸೋದು. ಹಂಗೇ ಬಿಟ್ರೆ ಇನ್ನು ಸ್ವಲ್ಪ ದಿನಕ್ಕೆ ಗಾಲಿಕುರ್ಚಿ ಹಿಡೀತಾರೆ."

ಅತ್ತೆಯ ಮುಖದಲ್ಲಿ ರಕ್ತ ಇಳಿದುಹೋದದ್ದು ನನಗೆ ಕಂಡಿತು. ಕುರ್ಚಿ ಎಂದಾಗಲ್ಲ, ಎದೆಮಟ್ಟದ ನೀರು ಎಂದಾಗ. ಸ್ಕೂಟಿಯಲ್ಲಿ ಊರಿಗೆ ಮರಳುವಾಗ ಹಿಂದೆ ಕೂತು ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಮಡೇರಹಳ್ಳಿ ದಾಟಿದ ಮೇಲೆ ಬಾಯಿ ಬಿಟ್ಟರು.

"ಒದ್ದು ತಲ್ಲೀ, ನಾಕು ಭಯಂ," ಎಂದರು. ಬೇಡ ತಾಯಿ, ನನಗೆ ಭಯ ಎಂದು.

"ಹಂಗಾದ್ರೆ ಕುರ್ಚಿ ತರಿಸ್ಲಾ? ದಿನಾ ಬಚ್ಚಲಿಗೆ ನಾನೇ ತಳ್ಕೊಂಡು ಹೋಗ್ತೀನಿ ಬಿಡಿ" ಎಂದೆ. ನನ್ನ ಬಾಯಿ ಹಾಗೆ, ಸುಮ್ಮನಿರದು. ಅತ್ತೆ ಮನೆ ಮುಂದೆ ಸ್ಕೂಟಿಯಿಂದ ಇಳಿದು, ಗೇಟು ಹಿಡಿದು ನಿಂತು, "ಬದುವಿನ ಮೇಲೆ ನಡೆಯಾಕಾಗ್ದೆ ಇದ್ಮೇಲೆ ನಾನು ಇದ್ರೇನು, ಬಿಟ್ರೇನು. ಎಲ್ಲೈತೆ ಅದು, ನಡಿ" ಎಂದರು.

ಅದು ಇದ್ದದ್ದು ಕೋಲಾರದ ಹೊರಗೆ, ಹೆದ್ದಾರಿ ಪಕ್ಕದ ಹೊಸ ಬಡಾವಣೆಯಲ್ಲಿ. ಮಧ್ಯಾಹ್ನಕ್ಕೆ ಮುಂಚೆ ಹೆಂಗಸರಿಗೇ ಮೀಸಲಾದ ಒಂದು ಗಂಟೆ ಇತ್ತು. ನಡೆಸುತ್ತಿದ್ದವರು ಹರಿಪ್ರಿಯಾ. ಮುಳಬಾಗಿಲಿನ ಹಳೆಯ ಪುರೋಹಿತರ ಮನೆತನದ ಹುಡುಗಿ, ಫಿಸಿಯೋಥೆರಪಿ ಓದಿದವರು, ಧ್ವನಿ ಮೆತ್ತಗೆ, ಹಟ ಗಟ್ಟಿ. ಅವರು ಮೊದಲು ಕೊಟ್ಟದ್ದು ಒಂದು ನೈಲಾನ್ ಉಡುಪು. ಅತ್ತೆ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಈ ವಯಸ್ಸಲ್ಲಿ ನಂಗೆ ಸರ್ಕಸ್ ಬಟ್ಟೆ ಹಾಕಿಸ್ತೀಯೇನೇ" ಎಂದು ನನ್ನನ್ನು ನುಂಗುವ ಹಾಗೆ ನೋಡಿದರು.

"ಸೀರೆ ನೀರು ಕುಡಿದ್ರೆ ಕಾಲಿಗೆ ಸುತ್ಕೊಳ್ಳುತ್ತೆ ಅಮ್ಮ. ಕೆಳಗೆ ಎಳೆಯುತ್ತೆ" ಎಂದರು ಹರಿಪ್ರಿಯಾ. ಅವರಿಗೆ ಮುನಿಯಲ್ಲಮ್ಮನ ವಿಷಯ ಗೊತ್ತಿರಲಿಲ್ಲ. ಅತ್ತೆ ಒಂದು ಕ್ಷಣ ಅವರ ಮುಖವನ್ನೇ ನೋಡಿ, ಆ ಉಡುಪು ಹಿಡಿದು ಬಟ್ಟೆ ಬದಲಿಸಲು ಒಳಗೆ ಹೋದರು.

ಹೊರಗೆ ಬಂದವರ ಕೈಯಲ್ಲಿ ಅರಿಶಿನ ಕುಂಕುಮದ ಪೊಟ್ಟಣವಿತ್ತು. ನಮ್ಮಲ್ಲಿ ಹೊಸ ಕೊಳವೆಬಾವಿ ಕೊರೆಸಲಿ, ಹೊಂಡ ತುಂಬಿಸಲಿ, ಮೊದಲು ಗಂಗಮ್ಮನಿಗೆ ಅರಿಶಿನ ಕುಂಕುಮ ಹಾಕದೆ, ಕಾಲು ತಾಗಿಸುತ್ತೇನೆ ಕ್ಷಮಿಸು ತಾಯಿ ಎನ್ನದೆ ಯಾರೂ ನೀರು ಮುಟ್ಟುವುದಿಲ್ಲ. ನಾನು ಬೇಡ ಎನ್ನುವಷ್ಟರಲ್ಲಿ ಅತ್ತೆ ಇಡೀ ಪೊಟ್ಟಣವನ್ನು ಕೊಳಕ್ಕೆ ಸುರಿದೇಬಿಟ್ಟರು. ನೀಲಿ ನೀರಿನಲ್ಲಿ ಕೆಂಪು ಬಣ್ಣ ಹೊಗೆಯ ಹಾಗೆ ಹರಡಿತು. ಆಗಲೇ ನೀರಿನಲ್ಲಿದ್ದ ಹೆಂಗಸರು ರಕ್ತ ಎಂದುಕೊಂಡು ಕಿರುಚಿ ಮೆಟ್ಟಿಲ ಕಡೆ ನುಗ್ಗಿದರು.

ಕೊಳ ನೋಡಿಕೊಳ್ಳುವ ಚನ್ನರಾಯಪ್ಪ ಕಿರುಚಾಟಕ್ಕೆ ಬಾಗಿಲಲ್ಲಿ ಇಣುಕಿ ಹೊರಗಿನಿಂದಲೇ ಅರಚಿದ. "ಏನಮ್ಮಾ ಇದು, ಪೂಲಾ ಇಲ್ಲ ದೇವಸ್ಥಾನದ ಕಲ್ಯಾಣಿಯಾ? ಫಿಲ್ಟರೆಲ್ಲಾ ಹಾಳಾಗೋಗ್ತದೆ!"

ಅತ್ತೆ ಕಂಬದ ಹಿಂದೆ ಅವಿತುಕೊಂಡರು. ಹರಿಪ್ರಿಯಾ ಬೈಯಲಿಲ್ಲ. ನೀರಿಗಿಳಿಯುವ ಉಕ್ಕಿನ ಕಂಬಿಯನ್ನು ತೋರಿಸಿ, "ನೀರಿಗೆ ಬೇಡ ಅಮ್ಮ. ದಿನಾ ಇಲ್ಲಿ ಒಂದು ಬೊಟ್ಟು ಇಡಿ, ಗಂಗಮ್ಮಂಗೆ ತಲುಪುತ್ತೆ. ನಮ್ಮನೇಲಿ ಪೂಜೆ ಮಾಡೋರೇ ಇರೋದು, ನನ್ನ ಮಾತು ನಂಬಿ" ಎಂದರು. ಅವತ್ತಿನಿಂದ ಆ ಕಂಬಿಯ ಮೇಲೆ ದಿನವೂ ಒಂದು ಕುಂಕುಮದ ಬೊಟ್ಟು ಬಿತ್ತು. ಚನ್ನರಾಯಪ್ಪ ಗೊಣಗುತ್ತಲೇ ಇದ್ದ, ಒರೆಸಲು ಹೋಗಲಿಲ್ಲ.

ಆದರೆ ಬೊಟ್ಟು ಇಟ್ಟ ಮಾತ್ರಕ್ಕೆ ಭಯ ಹೋಗುತ್ತದೆಯೇ? ಮೊದಲ ದಿನ ಪಾದ ಮುಳುಗಿದ್ದೇ ಹೆಚ್ಚು. ಎರಡನೆಯ ಮೆಟ್ಟಿಲಿಗೆ ಇಳಿಯುವಾಗ ಅತ್ತೆಯ ಹಲ್ಲುಗಳು ಕಟಕಟ ಎನ್ನುವುದು ದಂಡೆಯ ಬೆಂಚಿನ ಮೇಲೆ ಕೂತ ನನಗೂ ಕೇಳುತ್ತಿತ್ತು. ತಳದ ಟೈಲ್ಸ್ ಗೆರೆಗಳು ನೀರಿನಲ್ಲಿ ಬಳುಕುವುದನ್ನು ನೋಡಿ, "ಅಮ್ಮೋ, ಕಿಂದ ಏದೋ ಕದುಲುತೋಂದಿ" ಎಂದು, ಕೆಳಗೆ ಏನೋ ಕದಲುತ್ತಿದೆ ಎಂದು ಹಿಂದೆ ಸರಿಯುತ್ತಿದ್ದರು. ನಾನು ಬೆಂಚಿನಿಂದಲೇ, "ಮೊಸಳೆ ಇರ್ಬೇಕು ಅತ್ತೆ, ನೋಡ್ಕೊಂಡು ಇಳೀರಿ" ಎನ್ನುತ್ತಿದ್ದೆ. ಒಂದು ದಿನ ಹರಿಪ್ರಿಯಾ ನನ್ನ ಕಡೆ ತಿರುಗಿ, "ನೀವೂ ಬನ್ನಿ ಶ್ವೇತಾ, ಜೊತೆಗಿದ್ರೆ ಅವ್ರಿಗೆ ಧೈರ್ಯ" ಎಂದರು. ನನಗೆ ನೆಗಡಿ ಎಂದೆ. ಆಮೇಲೆ ಆ ನೆಗಡಿ ನನಗೆ ತಿಂಗಳುಗಟ್ಟಲೆ ವಾಸಿಯಾಗಲಿಲ್ಲ. ನಾನು ಕಲ್ಲು ಕೆಲಸದವರ ಮನೆಯ ಮಗಳು, ನೀರಿಗಿಳಿದರೆ ಕಲ್ಲಿನ ಹಾಗೆ ಮುಳುಗುತ್ತೇನೆ ಎನ್ನುವ ಹೆದರಿಕೆ ನನಗೂ ಇತ್ತು. ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಅಂತೂ ಒಂದು ದಿನ ನೀರು ಅತ್ತೆಯ ಎದೆಗೆ ಬಂತು. ಹರಿಪ್ರಿಯಾ ಅವರ ಎರಡೂ ಕೈ ಹಿಡಿದು, "ಈಗ ಒಂದು ಹೆಜ್ಜೆ" ಎಂದರು. ಅತ್ತೆ ಹೆಜ್ಜೆ ಇಟ್ಟರು. ಇನ್ನೊಂದು ಇಟ್ಟರು. ಆಮೇಲೆ ಬೆರಗಾಗಿ ನನ್ನ ಕಡೆ ನೋಡಿ, "ಶ್ವೇತಾ, ನನ್ ಮಂಡಿ ಎಲ್ಲೋಯ್ತೇ?" ಎಂದು ಕೂಗಿದರು.

ನೋವಿರಲಿಲ್ಲ. ಅಷ್ಟು ವರ್ಷ ಬಿಡದೆ ಜೊತೆಗಿದ್ದ ನೋವು ಒಮ್ಮೆಗೇ ಇರಲಿಲ್ಲ. ಎದೆಯ ತನಕ ನೀರಿದ್ದರೆ ಮೈಭಾರದ ಬಹುಪಾಲನ್ನು ನೀರೇ ಹೊತ್ತುಕೊಳ್ಳುತ್ತದೆ, ಮಂಡಿಗೆ ಉಳಿಯುವುದು ಸ್ವಲ್ಪ ಎಂದು ಹರಿಪ್ರಿಯಾ ಹೇಳಿದರು. ಅದೇ ನೀರು ಕಾಲನ್ನು ಮುಂದಕ್ಕೆ ಹೋಗಲು ಬಿಡದೆ ತಡೆಯುವುದರಿಂದ, ಒಂದೊಂದು ಹೆಜ್ಜೆಗೂ ತೊಡೆಗೆ ಸರಿಯಾದ ಕೆಲಸ ಸಿಗುತ್ತದಂತೆ. ನನಗೆ ಖುಷಿಯಾಯಿತು. ಅತ್ತೆಗೆ ಮಾತ್ರ ಇನ್ನಷ್ಟು ಭಯವಾಯಿತು. ಮೈ ಹಗುರಾದದ್ದೇ ಅವರಿಗೆ ನೆಲ ಬಿಟ್ಟುಹೋದಂತೆ ಅನಿಸಿತ್ತು. ಬಟ್ಟೆ ಬದಲಿಸುವಾಗ ಅಳುತ್ತಾ ಹೇಳಿದರು. "ಮುನಿಯಲ್ಲಿಗೂ ಹಿಂಗೇ ಆಗಿರ್ಬೇಕು ಕಣೇ. ಕಾಲ್ ಕೆಳಗೆ ಏನೂ ಇಲ್ದಂಗೆ."

ಆಗ ನಾನು ತಮಾಷೆ ಬಿಟ್ಟು ಟವೆಲಿನಿಂದ ಅವರ ತಲೆ ಒರೆಸಿದೆ.

ಹರಿಪ್ರಿಯಾ ಅವರದು ಒಂದು ನಿಯಮವಿತ್ತು. ಮಂಡಿಗೆ ಬಂದವರಿರಲಿ, ಸೊಂಟಕ್ಕೆ ಬಂದವರಿರಲಿ, ತೂಕ ಇಳಿಸಲು ಬಂದವರಿರಲಿ, ಮೊದಲು ನೀರಿನ ಮೇಲೆ ಅಂಗಾತ ಮಲಗುವುದನ್ನು ಕಲಿಯಲೇಬೇಕು. "ಬಿದ್ರೆ ಕೈಕಾಲು ಬಡೀಬೇಡಿ. ಬಡಿದಷ್ಟೂ ಮುಳುಗ್ತೀರಿ. ಮಲ್ಕೊಳ್ಳಿ. ಕಿವಿ ನೀರೊಳಗೆ, ಕಣ್ಣು ಆಕಾಶಕ್ಕೆ. ಎದೆ ತುಂಬ ಗಾಳಿ ಹಿಡ್ಕೊಳ್ಳಿ, ಆ ಗಾಳಿನೇ ನಿಮ್ಮನ್ನ ಎತ್ತುತ್ತೆ." ಬೆಂಚಿನ ಮೇಲೆ ಕೂತು ಈ ಪಾಠವನ್ನು ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಕೇಳಿ ಕೇಳಿ ಬೇಸರವಾಗಿ ಮೊಬೈಲು ನೋಡುತ್ತಿದ್ದೆ.

ಅತ್ತೆಯನ್ನು ಮಲಗಿಸಿದ ದಿನ ರಂಪವಾಯಿತು. ಬೆನ್ನಿನ ಕೆಳಗೆ ಹರಿಪ್ರಿಯಾ ಅವರ ಕೈ ಇತ್ತು. ಕಿವಿ ನೀರಿಗೆ ಹೋಗುತ್ತಿದ್ದಂತೆ ಅತ್ತೆ ಹಿಡಿತ ತಪ್ಪಿ, ಕೈಕಾಲು ಬಡಿದು, ಮುಳುಗಿ, ನೀರು ಕುಡಿದು, ಎತ್ತಲು ಬಂದ ಹರಿಪ್ರಿಯಾ ಅವರ ಕುತ್ತಿಗೆಯನ್ನೇ ಪರಚಿಬಿಟ್ಟರು. ನಾನು ಬೆಂಚಿನಿಂದ ಎದ್ದು ನಿಂತವಳು ಒಂದು ಹೆಜ್ಜೆಯೂ ಮುಂದೆ ಇಡಲಾಗದೆ ಹಾಗೇ ನಿಂತಿದ್ದೆ. ಮೇಲೆ ಬಂದ ಅತ್ತೆ ಕೆಮ್ಮುತ್ತಾ, ತೆಲುಗಿನಲ್ಲಿ ಹೇಳುತ್ತಲೇ ಹೋದರು. ಕಿವಿಗೆ ನೀರು ತುಂಬಿದರೆ ಮುನಿಯಲ್ಲಿಯ ಕೂಗು ಕೇಳುತ್ತದೆ, ಅವಳು ನನ್ನನ್ನು ಕರೆಯುತ್ತಿದ್ದಾಳೆ, ಇನ್ನು ನಾನು ಬರುವುದಿಲ್ಲ, ಕುರ್ಚಿಯೇ ಇರಲಿ.

ಆಮೇಲೆ ಸ್ಕೂಟಿ ಆ ಕಡೆ ಹೋಗಲಿಲ್ಲ. ಮಾವ, "ನಾನ್ ಮೊದ್ಲೇ ಹೇಳ್ಲಿಲ್ವಾ, ಹೆಂಗಸ್ರಿಗೆ ಯಾಕ್ ಈಜು" ಎಂದರು. ನನ್ನ ಗಂಡ ಚಂದ್ರಮೋಹನ್ ಮಾತಾಡುವುದೇ ಅಪರೂಪ, ಕೊಟ್ಟಿಗೆಯ ಕಡೆ ಎದ್ದುಹೋದರು. ಅತ್ತೆ ಕೋಲು ಹಿಡಿದು ಜಗಲಿಗೂ ಅಡುಗೆಮನೆಗೂ ಓಡಾಡಿಕೊಂಡಿದ್ದರು.

ಒಂದು ಬೆಳಿಗ್ಗೆ ನಾನು ಡೇರಿಗೆ ಹಾಲು ಹಾಕಿ ಬರುವಾಗ ಕೊಟ್ಟಿಗೆಯಿಂದ ನರಳುವ ಸದ್ದು ಬಂತು. ಕರುವಿಗೆ ಹುಲ್ಲು ಹಾಕಲು ಹೋದ ಅತ್ತೆ ಗಂಜಲದ ನೆಲದ ಮೇಲೆ ಜಾರಿ ಬಿದ್ದಿದ್ದರು. ಎಷ್ಟು ಹೊತ್ತಾಗಿತ್ತೋ. ಮಂಡಿ ಮಡಚಲಾಗದೆ, ಗೋಡೆ ಹಿಡಿಯಲು ಕೈ ಎಟುಕದೆ, ಹಸುವಿನ ಕಾಲುಗಳ ನಡುವೆ ತೆವಳುತ್ತಿದ್ದರು. ಹಸು ಪಾಪ, ತುಳಿಯಬಾರದೆಂದು ಒಂದು ಕಾಲನ್ನು ಎತ್ತಿಕೊಂಡೇ ನಿಂತಿತ್ತು. ನಾನು ಎತ್ತಲು ಹೋದರೆ ಅತ್ತೆ ನನ್ನ ಕೈ ತಳ್ಳಿದರು. ತಾವೇ ಏಳಲು ನೋಡಿದರು, ಆಗಲಿಲ್ಲ. ಕೊನೆಗೆ ನನ್ನ ಕುತ್ತಿಗೆಗೆ ಜೋತುಬಿದ್ದು ಎದ್ದು, ಮೈಕೈಯೆಲ್ಲ ಸಗಣಿ ಮಾಡಿಕೊಂಡು ನಿಂತು ಒಂದು ಮಾತು ಹೇಳಿದರು.

"ಆ ನೀರಾದ್ರೂ ಎತ್ತುತ್ತೆ ಕಣೇ. ಈ ನೆಲ ಎತ್ತಲ್ಲ. ಗಾಡಿ ತೆಗಿ."

ಮತ್ತೆ ಹೋದೆವು. ಹರಿಪ್ರಿಯಾ ಅವರ ಕುತ್ತಿಗೆಯ ಮೇಲೆ ಗೀರು ಇನ್ನೂ ಇತ್ತು. ಅತ್ತೆ ಅದನ್ನು ಬೆರಳಲ್ಲಿ ಮುಟ್ಟಿ, "ತಪ್ಪಾಯ್ತು ತಾಯಿ" ಎಂದು ಕಂಬಿಗೆ ಬೊಟ್ಟಿಟ್ಟು ಇಳಿದರು. ಭಯ ಹೋಗಿತ್ತು ಎಂದು ನಾನು ಸುಳ್ಳು ಹೇಳಲಾರೆ. ದಿನವೂ ಹೆದರುತ್ತಿದ್ದರು, ದಿನವೂ ಇಳಿಯುತ್ತಿದ್ದರು. ಅಂಗಾತ ಮಲಗುವಾಗ ಬಾಯಲ್ಲಿ ತೆಲುಗಿನ ಮಣಮಣ ನಿಲ್ಲುತ್ತಿರಲಿಲ್ಲ. ಪಡುಕೋ, ಆಕಾಶಂ ಚೂಡು, ಊಪಿರಿ ಪಟ್ಟುಕೋ. ಮಲಗು, ಆಕಾಶ ನೋಡು, ಉಸಿರು ಹಿಡಿದುಕೋ ಎಂದು ಹರಿಪ್ರಿಯಾ ಅವರ ಪಾಠವನ್ನು ತಮ್ಮ ತವರಿನ ಭಾಷೆಗೆ ತಿರುಗಿಸಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಒಂದು ದಿನ ಹರಿಪ್ರಿಯಾ ಬೆನ್ನಿನ ಕೆಳಗಿಂದ ಕೈ ತೆಗೆದರು. ಅತ್ತೆ ಮುಳುಗಲಿಲ್ಲ.

ಮಾವಿನ ಹೂ ಬಿಡುವ ಹೊತ್ತಿಗೆ ಅವರು ಕೋಲನ್ನು ಕೊಟ್ಟಿಗೆಯ ಮೂಲೆಗೆ ಎಸೆದಿದ್ದರು. ಸಕ್ಕರೆ ಇಳಿದಿತ್ತು, ಒಳ್ಳೆಯ ನಿದ್ದೆ ಬರುತ್ತಿತ್ತು. ತೊಡೆಯನ್ನು ತಟ್ಟಿ ತೋರಿಸಿ, "ನೋಡೇ, ನಿನಗಿಂತ ಗಟ್ಟಿ" ಎನ್ನುತ್ತಿದ್ದರು. ಡಾಕ್ಟರಂತೂ ಹೊಸ ಎಕ್ಸ್‌ರೇ ನೋಡಿ, "ಮೂಳೆ ಹಂಗೇ ಐತೆ, ಆದ್ರೆ ನೀವು ಬೇರೆ ಆಗಿದೀರ" ಎಂದು ನಕ್ಕರು. ಹಾಲು ಕರೆಯುವ ಕೆಲಸ ಮತ್ತೆ ಅವರ ಕೈಗೆ ಹೋಯಿತು. ಆದರೂ ನಮ್ಮ ಹೊಲದ ಹೊಂಡದ ಕಡೆಗೆ ಮಾತ್ರ ಅವರು ಹೋಗುತ್ತಿರಲಿಲ್ಲ. ಕೊಳದ ನೀರು ಬೇರೆ, ಹೊಂಡದ ನೀರು ಬೇರೆ ಎನ್ನುತ್ತಿದ್ದರು. ಕೊಳದಲ್ಲಿ ತಳ ಕಾಣುತ್ತದೆ.

ಒಂದು ಮಧ್ಯಾಹ್ನ ಕರೆಂಟು ಇರಲಿಲ್ಲ. ಬಿಸಿಲಿಗೆ ಹಸುಗಳು ಬಾಯಾರಿ ಅರಚುತ್ತಿದ್ದವು. ತೊಟ್ಟಿ ಒಣಗಿತ್ತು. ಮಾವನೂ ನನ್ನ ಗಂಡನೂ ಮೇಲಿನ ಹೊಲದಲ್ಲಿ ಗೊಬ್ಬರ ಚೆಲ್ಲುತ್ತಿದ್ದರು, ಅತ್ತೆ ಸೊಪ್ಪಿನ ತೋಟದ ಒಳಗಿದ್ದರು. ನಾನು ನೈಟಿಯ ಮೇಲೆ ಟವೆಲು ಹಾಕಿಕೊಂಡು, ಬಕೆಟ್ಟು ಹಿಡಿದು ಹೊಂಡಕ್ಕೆ ಹೋದೆ. ಮುನಿಯಲ್ಲಮ್ಮ ಹೋದ ಮೇಲೆ ನಮ್ಮ ಹೊಂಡದ ಸುತ್ತ ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದರು. ಮೋಟಾರಿನ ಬಳಿಗೆ ಓಡಾಡಲು ಒಂದು ಕಡೆ ಹಾದಿ ಬಿಟ್ಟಿದ್ದರು. ಆ ಹಾದಿಯಲ್ಲಿ ಕೂತು ಬಕೆಟ್ಟು ಅದ್ದಿದೆ. ನೀರು ಸ್ವಲ್ಪ ಕೆಳಗಿತ್ತು. ಇನ್ನೊಂಚೂರು ಬಗ್ಗಿದೆ.

ಬಿದ್ದದ್ದು ಗೊತ್ತಾಗಲಿಲ್ಲ. ಕಾಲು ಜಾರಿದ್ದು ಗೊತ್ತಾಯಿತು, ಆಮೇಲೆ ಮೂಗಿನೊಳಗೆ ನೀರು ಉರಿಯಿತು. ಮೇಲೆ ಬಂದೆ. ಇಳಿಜಾರಿನ ಹಾಳೆ ಕೈಗೆ ಸಿಕ್ಕಿತು, ಉಗುರು ಊರಿದೆ, ಕೈ ಜಾರಿತು. ಕಾಲು ಇಟ್ಟೆ, ಕಾಲೂ ಜಾರಿತು. ದಂಡೆ ಅಲ್ಲೇ ಇತ್ತು. ಕೈಚಾಚಿದರೆ ಸಿಗುವಷ್ಟು ಹತ್ತಿರ ಹುಲ್ಲು ಕಾಣುತ್ತಿತ್ತು. ಹತ್ತಲು ನೋಡಿದಷ್ಟೂ ಕೆಳಗೆ ಹೋಗುತ್ತಿದ್ದೆ. ನೈಟಿ ಕಾಲಿಗೆ ಸುತ್ತಿಕೊಂಡಿತು. ಕೂಗಿದೆನೆಂದು ಕಾಣುತ್ತದೆ, ಬಾಯಿಗೆ ನೀರು ಬಂತು. ಅಷ್ಟು ಭಯ ನಾನು ಜನ್ಮದಲ್ಲಿ ಪಟ್ಟಿರಲಿಲ್ಲ. ನನ್ನ ಪುಟ್ಟ ಮಗಳು ಶಾಲೆಯಿಂದ ಬಂದರೆ ಬಾಗಿಲು ತೆಗೆಯುವವರು ಯಾರು ಎಂಬ ಯೋಚನೆ ಬಂತು. ಮುನಿಯಲ್ಲಮ್ಮನ ಹಳದಿ ಕ್ಯಾನು ಕಣ್ಣ ಮುಂದೆ ಬಂತು.

ಆಗ ಮೇಲಿನಿಂದ ಒಂದು ಧ್ವನಿ.

"ಪಡುಕೋ! ಪಡುಕೋವೇ! ಕಾಳ್ಳು ಕೊಟ್ಟೊದ್ದು!"

ಮಲಗು, ಕಾಲು ಬಡಿಯಬೇಡ. ದಂಡೆಯ ಮೇಲೆ ಅತ್ತೆ ನಿಂತಿದ್ದರು. ಸೊಪ್ಪಿನ ತೋಟದ ಆ ತುದಿಯಿಂದ ಬಂದಿದ್ದರು. ಸೀರೆಯನ್ನು ಮಂಡಿಯ ಮೇಲಕ್ಕೆ ಎತ್ತಿ ಕಟ್ಟಿದ್ದರು. ಮುಖ ಬೂದಿ ಬಣ್ಣವಾಗಿತ್ತು.

"ಆಕಾಶಂ ಚೂಡು! ಊಪಿರಿ ಪಟ್ಟುಕೋ!"

ಬೆಂಚಿನ ಮೇಲೆ ಕೂತು ತಿಂಗಳುಗಟ್ಟಲೆ ಕೇಳಿದ ಮಾತು ಅದು. ತಲೆ ಹಿಂದಕ್ಕೆ ಹಾಕಿದೆ. ಕಿವಿಗೆ ನೀರು ತುಂಬಿತು, ಲೋಕ ನಿಶ್ಶಬ್ದವಾಯಿತು. ಎದೆಯಲ್ಲಿ ಗಾಳಿ ಹಿಡಿದೆ. ಮುಳುಗುತ್ತೇನೆ ಎಂದುಕೊಂಡೆ. ಮೂಗು ಮೇಲೆಯೇ ಉಳಿಯಿತು. ಬಿಳೀ ಆಕಾಶದಲ್ಲಿ ಒಂದು ಹದ್ದು ಸುತ್ತುತ್ತಿತ್ತು, ಅದನ್ನೇ ನೋಡಿದೆ. ಉಸಿರು ಬಿಟ್ಟರೆ ಮೈ ಕೆಳಗಿಳಿಯುತ್ತಿತ್ತು, ಎಳೆದುಕೊಂಡರೆ ಮೇಲೆ ಬರುತ್ತಿತ್ತು.

ಎದೆಯ ಮೇಲೆ ಏನೋ ಬಿತ್ತು. ಹನಿ ನೀರಾವರಿಯ ಕಪ್ಪು ಪೈಪು. ದಂಡೆಯಲ್ಲಿ ಸುರುಳಿ ಸುತ್ತಿ ಇಟ್ಟಿದ್ದ ಹಳೆಯ ಪೈಪನ್ನು ಅತ್ತೆ ಎಸೆದಿದ್ದರು. ಅದನ್ನು ಕಂಕುಳ ಕೆಳಗೆ ಸುತ್ತಿಕೊಂಡೆ. ಅದರ ಇನ್ನೊಂದು ತುದಿಯನ್ನು ಕಲ್ಲುಕಂಬಕ್ಕೆ ಒಂದು ಸುತ್ತು ಹಾಕಿ, ಅತ್ತೆ ನೆಲಕ್ಕೆ ಕುಕ್ಕರಿಸಿ, ಎರಡೂ ಕಾಲನ್ನು ಕಂಬಕ್ಕೆ ಒತ್ತಿ ಹಿಡಿದು ಎಳೆದು ಕೂತರು. ನನ್ನನ್ನು ಮೇಲೆತ್ತುವಷ್ಟು ಬಲ ಅವರಿಗೂ ಇರಲಿಲ್ಲ. ಆದರೆ ಬಿಡಲಿಲ್ಲ. ಮಡಚಿದ ಮಂಡಿಯ ಮೇಲೆ ಇಡೀ ಭಾರ ಹೊತ್ತು ಕೂತು, ಮೇಲಿನ ಹೊಲಕ್ಕೆ ಕೇಳುವಂತೆ ಗಂಡನ ಹೆಸರು ಹಿಡಿದು ಕೂಗಿದರು. ಜನ್ಮದಲ್ಲಿ ಮೊದಲ ಸಲ. "ಕದಿರಪ್ಪಾ! ಓ ಕದಿರಪ್ಪಾ!"

ಮಾವ ಅಷ್ಟು ವೇಗವಾಗಿ ಓಡಿದ್ದನ್ನು ನನಗಂತೂ ನೋಡಲಾಗಲಿಲ್ಲ, ನನ್ನ ಕಣ್ಣು ಹದ್ದಿನ ಮೇಲಿತ್ತು. ಅವರೂ ಚಂದ್ರಮೋಹನರೂ ಸೇರಿ ನನ್ನನ್ನು ಎಳೆದುಕೊಂಡರು. ದಂಡೆಯ ಮೇಲೆ ಬೋರಲು ಬಿದ್ದು ನೀರು ಕಕ್ಕಿದೆ. ಗಂಡ ನನ್ನ ಬೆನ್ನು ತಟ್ಟುತ್ತಾ ಅಳುತ್ತಿದ್ದರು. ಮಾವ ಯಾರನ್ನು ಬೈಯಬೇಕೆಂದು ತಿಳಿಯದೆ ಮೋಟಾರನ್ನು ಬೈಯುತ್ತಿದ್ದರು.

ಅತ್ತೆ ಎದ್ದಿರಲಿಲ್ಲ. ಪೈಪನ್ನು ಇನ್ನೂ ಹಿಡಿದೇ ಕೂತಿದ್ದರು. ಅಂಗೈ ಸುಲಿದು ರಕ್ತ ಬರುತ್ತಿತ್ತು. ನಾನು ತೆವಳಿಕೊಂಡು ಹತ್ತಿರ ಹೋಗಿ, "ಅತ್ತೆ, ಬಿಡಿ, ನಾನ್ ಬಂದೆ" ಎಂದೆ. ಅವರು ನನ್ನ ಕಡೆ ನೋಡಲಿಲ್ಲ. ಪಕ್ಕದ ಹೊಲದ ಕಡೆ, ಮುನಿಯಲ್ಲಮ್ಮನ ಹೊಂಡದ ಕಡೆ ನೋಡುತ್ತಿದ್ದರು.

"ಇಷ್ಟೇನಾ?" ಎಂದರು. "ಒಂದು ಪೈಪು, ಎರಡು ಮಾತು. ಇಷ್ಟೇ ಸಾಕಾಗಿತ್ತೇನೇ ಶ್ವೇತಾ? ಇಷ್ಟೇನಾ?"

ಆಮೇಲೆ ಅವರು ಅತ್ತರು. ಮುನಿಯಲ್ಲಮ್ಮ ಸತ್ತಾಗಲೂ ಹಾಗೆ ಅತ್ತಿರಲಿಲ್ಲ ಎಂದು ಮಾವ ಆಮೇಲೆ ಹೇಳಿದರು. ನಾನು ಅತ್ತೆಯ ಅಂಗೈಯನ್ನು ನನ್ನ ಒದ್ದೆ ನೈಟಿಗೆ ಒತ್ತಿ ಹಿಡಿದುಕೊಂಡು ಕೂತೆ.

ಮಾರನೆಯ ದಿನ ಅತ್ತೆ ನನ್ನನ್ನು ಕರೆದುಕೊಂಡು ಮುನಿಯಲ್ಲಮ್ಮನ ಹೊಲಕ್ಕೆ ಹೋದರು. ಕೈಗೆ ಬಟ್ಟೆ ಸುತ್ತಿಕೊಂಡು ಬದುವಿನ ಮೇಲೆ ನನಗಿಂತ ಮುಂದೆ ನಡೆದರು. ಹೆಗಲ ಮೇಲೆ ದಪ್ಪ ಹಗ್ಗವಿತ್ತು. ಅಲ್ಲಲ್ಲಿ ಗಂಟು ಹಾಕಿದ ಆ ಹಗ್ಗವನ್ನು ದಂಡೆಯ ಬೇವಿನ ಬುಡಕ್ಕೆ ಬಿಗಿದು, ಉಳಿದದ್ದನ್ನು ನೀರಿಗೆ ಇಳಿಬಿಟ್ಟರು. ಗಂಟಿನ ಮೇಲೆ ಕುಂಕುಮ ಹಚ್ಚಿದರು. ಸೊಂಟದ ಚೀಲದಿಂದ ಎಲೆಯಡಿಕೆ ತೆಗೆದು ಮಡಿಸಿ, ಒಂದನ್ನು ನೀರಿಗೆ ಬಿಟ್ಟು, ಒಂದನ್ನು ಬಾಯಿಗೆ ಹಾಕಿಕೊಂಡರು. ಈಗ ನಮ್ಮ ಸುತ್ತಿನ ಹೊಂಡಗಳಿಗೆಲ್ಲ ಹಗ್ಗವಿದೆ. ಕಟ್ಟದವರ ಮನೆ ಮುಂದೆ ಅತ್ತೆ ಹೋಗಿ ನಿಂತರೆ ಅವರಿಗೆ ಬೇರೆ ದಾರಿ ಇರುವುದಿಲ್ಲ.

ಕೊಳಕ್ಕೆ ಮತ್ತೆ ಹೋದಾಗ ಹರಿಪ್ರಿಯಾ ನನ್ನ ಕೈಗೊಂದು ನೈಲಾನ್ ಉಡುಪು ಕೊಟ್ಟರು. ನೆಗಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಮೆಟ್ಟಿಲ ಬಳಿ ನಿಂತರೆ ಹಲ್ಲು ಕಟಕಟ ಎನ್ನುತ್ತಿತ್ತು. ಕೆಳಗೆ ಟೈಲ್ಸ್ ಗೆರೆಗಳು ನಿಜವಾಗಿಯೂ ಕದಲುತ್ತಿದ್ದವು. ಮೂಗಿನೊಳಗೆ ಹೊಂಡದ ನೀರು ಮತ್ತೆ ಉರಿದಂತಾಯಿತು. ಅತ್ತೆ ಆಗಲೇ ಎದೆಮಟ್ಟದ ನೀರಿನಲ್ಲಿ ನಿಂತಿದ್ದರು. "ಮೊಸಳೆ ಇಲ್ಲ ಬಾರೇ" ಎಂದರು. ಕಂಬಿಯ ಮೇಲಿನ ಬೊಟ್ಟನ್ನು ಮುಟ್ಟಿ ಹಣೆಗೆ ಒತ್ತಿಕೊಂಡು ಇಳಿದೆ.

ನೀರು ನನ್ನ ಎದೆಗೆ ಬಂತು. ಅತ್ತೆ ನನ್ನ ಬೆನ್ನಿನ ಕೆಳಗೆ ಎರಡೂ ಅಂಗೈ ಇಟ್ಟರು. ಗಾಯ ಆರಿ ಗಡುಸಾಗಿದ್ದ ಚರ್ಮ ಬೆನ್ನಿಗೆ ತಾಗಿತು.

"ಮಲ್ಕೊ. ಆಕಾಶ ನೋಡು. ನಾನ್ ಹಿಡ್ಕೊಂಡಿದೀನಿ."

ಈ ಸಲ ಕನ್ನಡದಲ್ಲಿಯೇ ಹೇಳಿದರು.